ಆ ಇನ್ನೊಬ್ಬಾಕೆ ಏನಾದಳು?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ‘ಆದ್ರೂ ಬಾಳ ಬುದ್ಧಿವಂತೆ ಕಣಪ್ಪ ಅವಳು.’ ಮೊದಲನೆಯ ಮಾತಿಗೆ ಮುಖ ಗಂಟು ಹಾಕಿಕೊಂಡು, ಎರಡನೆಯದನ್ನು ಬಾಯಿ ಚಪ್ಪರಿಸಿಕೊಂಡು ನಂಬುತ್ತಿದ್ದೆ. ಹಿರಿಯೂರು ತಾಲ್ಲೂಕಿನಲ್ಲಿ, ಆದಿವಾಲದಿಂದ ಮೂರು ಮೈಲಿ ಒಳಗಿನ ಕುರಿಗಾರರ ಹಟ್ಟಿ ನಮ್ಮದು. ಅಲ್ಲಿಂದ ಪುಸ್ತಕ ಹಿಡಿದು ಆಚೆ ಹೋದ ಮೊದಲ ಹೆಣ್ಣು ನಾನು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಕಳೆದಿತ್ತು. ಹಳ್ಳಿಯ ಹೆಂಗಸರಿಗೆ ತಿಳುವಳಿಕೆ ಹೇಳಲು ಸರ್ಕಾರ ಗ್ರಾಮಸೇವಿಕೆಯರನ್ನು ನೇಮಿಸುತ್ತಿದ್ದ ಕಾಲ. ನನ್ನನ್ನೂ ನೇಮಿಸಿ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರಕ್ಕೆ ಹಾಕಿದರು. ಬುದ್ಧಿ ಹೇಳುವುದಕ್ಕೆ ಸಂಬಳವನ್ನೂ ಕೊಡುತ್ತಾರೆ ಅಂದರೆ ನನಗೆ ಇನ್ನೇನು ಬೇಕಿತ್ತು!

ಶ್ರೀರಾಂಪುರದಲ್ಲಿ ನನ್ನ ಜೊತೆ ಒಂದೇ ಬಾಡಿಗೆ ಮನೆಯಲ್ಲಿ ಇದ್ದವರು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ. ನನಗಿಂತ ಹತ್ತು ವರ್ಷ ದೊಡ್ಡವರು, ಚಿತ್ರದುರ್ಗದ ಕ್ರೈಸ್ತ ಮನೆತನದವರು, ಗಂಡ ತೀರಿಕೊಂಡಿದ್ದರು. ಇಬ್ಬರಿಗೂ ಒಂದೇ ಒಲೆ. ಅವರೂ ಮಾಂಸ ತಿನ್ನುವವರು, ನಾನೂ ತಿನ್ನುವವಳು, ಹಾಗಾಗಿ ಅಡುಗೆಮನೆಯ ತಕರಾರು ಬರಲಿಲ್ಲ. ಭಾನುವಾರ ದುರ್ಗದ ಚರ್ಚಿಗೆ ಹೋಗಿ ಬರಲು ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಜಗುಲಿಯ ಮೇಲೆ ಚಾಪೆ ಹಾಸಿ, ತಲೆಯ ಮೇಲೆ ಸೆರಗು ಹೊದ್ದು, ಕರಿ ರಟ್ಟಿನ ಬೈಬಲ್ ತೆಗೆದು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನನಗೋ ಕುತೂಹಲ ತಡೆಯುತ್ತಿರಲಿಲ್ಲ. ಬೇರೆಯವರ ಮನೆಯ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡುವ ಜಾತಿ ನನ್ನದು. ಓದುವವರ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆ.

‘ಏನೈತೆ ನರ್ಸಮ್ಮಾ ಇವತ್ತು?’

‘ಜ್ಞಾನದ ವಿಷಯ ಐತೆ.’ ಅವರು ಪುಟದ ಮೇಲೆ ಬೆರಳಿಟ್ಟುಕೊಂಡೇ ಹೇಳಿದರು. ‘ಜ್ಞಾನ ಅಂದ್ರೆ ಒಬ್ಬ ಹೆಂಗಸು ಇದ್ದಂಗೆ ಅಂತೆ. ಮನೆಯೊಳಗೆ ಬಾಗ್ಲು ಹಾಕ್ಕಂಡು ಕುಂತಿರಲ್ಲ ಅವಳು. ಊರಬಾಗಿಲಾಗೆ, ಜನ ಓಡಾಡೋ ಬೀದಿಯಾಗೆ ನಿಂತು, ಬರ್ರೋ, ಕೇಳ್ರೋ ಅಂತ ಕೂಗ್ತಾಳಂತೆ. ಯಾರೂ ಕಿವಿಗೆ ಹಾಕ್ಕಳಲ್ಲ.’

ನಾನು ಬಿದ್ದು ಬಿದ್ದು ನಕ್ಕೆ. ‘ಹಂಗಾದ್ರೆ ಅವಳೂ ಗ್ರಾಮಸೇವಿಕೆನೇ ಬಿಡ್ರಿ!’

ಹೊಗೆ ಬಾರದ ಒಲೆ ಹಾಕಿಸಿಕೊಳ್ಳಿ ಎಂದು ನಾನು ಆರು ತಿಂಗಳಿಂದ ಕೇರಿ ಕೇರಿ ಕೂಗುತ್ತಿದ್ದೆ. ಒಬ್ಬಳೂ ಹಾಕಿಸಿಕೊಂಡಿರಲಿಲ್ಲ. ಬಬ್ಬೂರು ಫಾರಂನಿಂದ ತರಿಸಿದ ತರಕಾರಿ ಬೀಜ ಹಂಚಿದರೆ, ಅದನ್ನು ಕೋಳಿಗೆ ಹಾಕಿದ್ದರು. ನರ್ಸಮ್ಮನೂ ನಕ್ಕರು. ಆದರೆ ನನಗೆ ಅಷ್ಟಕ್ಕೇ ಬಿಡುವ ಮನಸ್ಸಿರಲಿಲ್ಲ. ಅವಳು ಕೂಗುವುದಾದರೂ ಏನನ್ನು? ಜ್ಞಾನ ಅಂದರೆ ಓದೇ? ಅಲ್ಲ ಅಂದರು. ವಯಸ್ಸೇ? ಅದೂ ಅಲ್ಲ, ಮುದುಕರಾದ ಮೂರ್ಖರು ಬೇಕಾದಷ್ಟು ಜನ ಅದೇ ಪುಸ್ತಕದಲ್ಲೇ ಇದ್ದಾರೆ ಅಂದರು. ಪೂಜೆ, ಪ್ರಾರ್ಥನೆ? ಅದೊಂದೇ ಅಲ್ಲ. ‘ಮತ್ತೇನ್ರೀ ಅದು, ನನಗೂ ಹೇಳ್ರಿ, ಇಲ್ಲಾಂದ್ರೆ ಇವತ್ತು ಅನ್ನಕ್ಕಿಡಲ್ಲ ನಾನು’ ಎಂದು ಹಟ ಹಿಡಿದೆ. ಆಗ ಅವರು ಒಬ್ಬ ರಾಜನ ಕತೆ ಹೇಳಿದರು.

ಎಳೆ ವಯಸ್ಸಿನಲ್ಲೇ ಪಟ್ಟಕ್ಕೆ ಬಂದ ರಾಜ. ದೇವರು ಕನಸಿನಲ್ಲಿ ಬಂದು ಏನು ಬೇಕೋ ಕೇಳು ಅಂದ. ಅವನು ಬಂಗಾರ ಕೇಳಲಿಲ್ಲ, ಆಯಸ್ಸು ಕೇಳಲಿಲ್ಲ. ಜನರಿಗೆ ನ್ಯಾಯ ಹೇಳಬೇಕಲ್ಲ, ಅದಕ್ಕೆ ಕೇಳುವಂಥ ಹೃದಯ ಕೊಡು ಅಂದ.

‘ಕೇಳೋದು ಕಿವಿ ಕಣ್ರೀ. ಹೃದಯ ಏನು ಕೇಳೀತು?’ ಎಂದು ನಾನು ಅಡ್ಡ ಬಾಯಿ ಹಾಕಿದೆ.

‘ನನಗೂ ಅದು ಪೂರ್ತಿ ಗೊತ್ತಿಲ್ಲ, ಮುಂದೆ ಕೇಳ್ರಿ’ ಎಂದು ಅವರು ಮುಂದುವರಿಸಿದರು. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು. ಇಬ್ಬರಿಗೂ ಎಳೆಗೂಸು. ಒಬ್ಬಳ ಕೂಸು ನಿದ್ದೆಯಲ್ಲಿ ಅವಳ ಮೈಯಡಿಗೇ ಸಿಕ್ಕಿ ಸತ್ತುಹೋಯಿತು. ಬೆಳಗಾಗುವಷ್ಟರಲ್ಲಿ, ಬದುಕಿದ ಕೂಸು ನನ್ನದು ಎಂದು ಇಬ್ಬರೂ ರಾಜನ ಮುಂದೆ ನಿಂತರು. ಸಾಕ್ಷಿ ಇಲ್ಲ. ರಾಜ ಕತ್ತಿ ತರಿಸಿ, ಕೂಸನ್ನು ಎರಡು ಮಾಡಿ ಅರ್ಧರ್ಧ ಕೊಡಿ ಅಂದ. ಒಬ್ಬಳು ‘ಬ್ಯಾಡ, ಅವಳಿಗೇ ಕೊಡ್ರಿ, ಕೂಸು ಬದುಕಿರ್ಲಿ’ ಎಂದು ಕಾಲಿಗೆ ಬಿದ್ದಳು. ಇನ್ನೊಬ್ಬಳು ‘ನಂಗೂ ಬ್ಯಾಡ, ಅವಳಿಗೂ ಬ್ಯಾಡ, ಕಡೀರಿ’ ಅಂದಳು. ಬಿಟ್ಟುಕೊಟ್ಟವಳೇ ತಾಯಿ ಎಂದು ರಾಜ ತೀರ್ಪು ಹೇಳಿದ.

ನಾನು ತೊಡೆ ತಟ್ಟಿದೆ. ‘ಭಲೇ! ಇದು ನೋಡ್ರಿ ಬುದ್ಧಿ ಅಂದ್ರೆ!’ ಆ ವಾರವಿಡೀ ಮಹಿಳಾ ಮಂಡಳಿಗಳಲ್ಲಿ ಒಲೆಯ ಮಾತು ಬಿಟ್ಟು ಆ ರಾಜನ ಕತೆಯನ್ನೇ ಹೇಳಿಕೊಂಡು ತಿರುಗಿದೆ. ಹೆಂಗಸರು ಒಲೆಗಿಂತ ಅದನ್ನು ಚೆನ್ನಾಗಿ ಕೇಳಿದರು.

ಅದಾಗಿ ಇಪ್ಪತ್ತು ದಿನಕ್ಕೆ ಊರಿಂದ ಕಾರ್ಡು ಬಂತು. ಹಟ್ಟಿಯಲ್ಲಿ ಯಾರಿಂದಲೋ ಅವ್ವ ಬರೆಸಿದ್ದಳು: ತಂಗಿ ಬಂದಿದ್ದಾಳೆ, ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾಳೆ, ಅತ್ತಿಗೆ ಅನ್ನ ಬಿಟ್ಟಿದ್ದಾಳೆ, ನಿನ್ನಣ್ಣ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ, ನೀನು ಬಂದು ಏನಾದರೂ ಒಂದು ಮಾಡು.

ಹುಡುಗನ ವಿಷಯ ಇಲ್ಲಿ ಹೇಳಬೇಕು. ಅದಕ್ಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಆ ವರ್ಷ ನನ್ನ ಅಣ್ಣನ ಹೆಂಡತಿಗೂ ನನ್ನ ತಂಗಿಗೂ ಹದಿನೈದು ದಿನದ ಅಂತರದಲ್ಲಿ ನಮ್ಮ ಮನೆಯಲ್ಲೇ ಹೆರಿಗೆಯಾಯಿತು. ಅತ್ತಿಗೆಯ ಕೂಸು ದಕ್ಕಲಿಲ್ಲ. ತಂಗಿಗೆ ಹೆರಿಗೆಯಾದ ಮೇಲೆ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಕ್ಷಯ ಅಂದರು ಡಾಕ್ಟರು. ಕೂಸನ್ನು ಅವಳ ಹತ್ತಿರ ಬಿಡಲೇಬಾರದು ಎಂದು ಹೇಳಿ ಅವಳನ್ನು ದೂರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಉಳಿದದ್ದು ತಾಯಿ ಇಲ್ಲದ ಒಂದು ಕೂಸು, ಕೂಸು ಇಲ್ಲದ ಒಬ್ಬ ತಾಯಿ. ಅತ್ತಿಗೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವಳು ಆ ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ಎದೆ ಕಲ್ಲಾಗಿ ಜ್ವರ ಬಂದಿತ್ತು. ಕೂಸು ಆಡಿನ ಹಾಲು ಕಾರಿಕೊಂಡು ಒಣಗುತ್ತಿತ್ತು.

ಕುರಿ ಸಾಕುವವರಿಗೆ ಒಂದು ರೂಢಿಯಿದೆ. ಒಂದು ಕುರಿಯ ಮರಿ ಸತ್ತು, ಇನ್ನೊಂದು ಮರಿಯ ತಾಯಿ ಸತ್ತರೆ, ಸತ್ತ ಮರಿಯ ಚರ್ಮ ಸುಲಿದು ಬದುಕಿದ ಮರಿಗೆ ಅಂಗಿಯ ಹಾಗೆ ಹೊದಿಸಿ ಕಟ್ಟುತ್ತಾರೆ. ಕುರಿಗೆ ಮರಿ ಗುರುತು ಸಿಗುವುದು ವಾಸನೆಯಿಂದ. ಬೇರೆ ಮರಿ ಬಂದರೆ ಒದೆಯುತ್ತದೆ. ತನ್ನ ಮರಿಯ ವಾಸನೆ ಬಂದರೆ ಕೆಚ್ಚಲು ಬಿಡುತ್ತದೆ. ನಾಲ್ಕೈದು ದಿನ ಹಾಲು ಕುಡಿದ ಮೇಲೆ ಚರ್ಮ ಬಿಚ್ಚಿ ಎಸೆದರೂ ಆಯಿತು, ಆಮೇಲೆ ಅದು ಅದರದೇ ಮರಿ. ನಮ್ಮವ್ವ ಅದನ್ನೇ ಮಾಡಿದಳು. ಅತ್ತಿಗೆಯ ಸತ್ತ ಕೂಸಿಗೆ ಸುತ್ತಿದ್ದ ಹಳೆಯ ಪಂಚೆಯ ತುಂಡನ್ನು ಹುಡುಕಿ ತೆಗೆದು, ತಂಗಿಯ ಕೂಸಿಗೆ ಸುತ್ತಿ, ಒಂದೂ ಮಾತಾಡದೆ ಅತ್ತಿಗೆಯ ಮಗ್ಗುಲಿಗೆ ಇಟ್ಟು ಆಚೆ ಬಂದಳು. ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು. ನಾನು ಆಗ ತರಬೇತಿಯಲ್ಲಿದ್ದೆ. ಇದೆಲ್ಲ ಅವ್ವ ಆಮೇಲೆ ಹೇಳಿದ್ದು.

ಈಗ ಹುಡುಗನಿಗೆ ಮೂರು ವರ್ಷ. ಇನ್ನೂ ಅತ್ತಿಗೆಯ ಎದೆ ಬಿಟ್ಟಿರಲಿಲ್ಲ. ಅವಳಿಗೆ ಮತ್ತೆ ಮಕ್ಕಳಾಗಿರಲಿಲ್ಲ. ತಂಗಿ ವಾಸಿಯಾಗಿ ಹೊಳಲ್ಕೆರೆ ಕಡೆಯ ತನ್ನ ಗಂಡನ ಊರಿಗೆ ಬಂದಿದ್ದಳು. ಇನ್ನೊಂದು ಹೆರಿಗೆ ಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇಬ್ಬರಿಗೂ ಇದ್ದದ್ದು ಇದೊಂದೇ ಜೀವ.

ಶ್ರೀರಾಂಪುರದಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು, ಹಿರಿಯೂರಿಂದ ಆದಿವಾಲ. ಮೂರು ಬಸ್ಸು ಬದಲಾಯಿಸುವ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲ ತಯಾರಾಗಿತ್ತು. ಇಬ್ಬರು ತಾಯಂದಿರು, ಒಂದು ಮಗು. ದೇವರೇ ನನಗಾಗಿ ಕತೆ ಬರೆಸಿಟ್ಟ ಹಾಗಿತ್ತು. ಕತ್ತಿ ಎಲ್ಲಿ ತರುವುದು ಎಂಬುದಷ್ಟೇ ಪ್ರಶ್ನೆ. ಅದಕ್ಕೂ ಒಂದು ಉಪಾಯ ಹೊಳೆಯಿತು. ಕಿಟಕಿಯಾಚೆ ನೋಡುತ್ತ ಒಬ್ಬಳೇ ನಕ್ಕೆ ಕೂಡ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನಿಸುತ್ತದೆ.

ಮನೆಗೆ ಹೋದರೆ ಅಂಗಳದ ಒಂದು ಕಂಬಕ್ಕೆ ತಂಗಿ ಒರಗಿದ್ದಳು, ಇನ್ನೊಂದು ಕಂಬದ ಹತ್ತಿರ ಅತ್ತಿಗೆ. ತಂಗಿಯ ತೊಡೆಯ ಮೇಲೆ ಹೊಸ ಅಂಗಿಯ ಪೊಟ್ಟಣ. ಹುಡುಗ ಅತ್ತಿಗೆಯ ಸೆರಗಿನೊಳಗೆ ತಲೆ ತೂರಿಸಿಕೊಂಡು, ‘ಆಸ್ಪತ್ರೆ ಅವ್ವ ಇನ್ನೂ ಹೋಗಿಲ್ವಾ?’ ಎಂದು ಕೇಳುತ್ತಿದ್ದ. ತಂಗಿಗೆ ಅವನಿಟ್ಟಿದ್ದ ಹೆಸರು ಅದು. ತಂಗಿಯ ಗಂಡ ಜಗುಲಿಯ ತುದಿಯಲ್ಲಿ ಬೀಡಿ ಸೇದುತ್ತ ಬಸ್ಸಿನ ಹೊತ್ತು ಎಣಿಸುತ್ತಿದ್ದ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

ನಾನು ನೀರೂ ಕುಡಿಯದೆ ನಡುವಂಗಳದಲ್ಲಿ ನಿಂತೆ.

‘ನೋಡ್ರಿ, ನೀವು ಹಿಂಗೆ ಎಳೆದಾಡಿ ಹುಡುಗನ್ನ ಹರಿದು ಹಾಕ್ತೀರಿ. ಯಾರಿಗೂ ಬ್ಯಾಡ ಅವನು. ದುರ್ಗದಾಗೆ ದಿಕ್ಕಿಲ್ಲದ ಮಕ್ಕಳ ಹಾಸ್ಟೆಲ್ ಐತೆ. ನಮ್ಮ ನರ್ಸಮ್ಮಂಗೆ ಅಲ್ಲಿ ಗುರುತಿನೋರು ಅವ್ರೆ. ನಾಳೆ ನಾನೇ ಕರ್ಕಂಡೋಗಿ ಸೇರಿಸ್ತೀನಿ. ಇಬ್ರೂ ನೆಮ್ಮದಿಯಾಗಿರ್ರಿ.’

ಅಂಥ ಹಾಸ್ಟೆಲ್ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅದು ನನ್ನ ಕತ್ತಿ. ಇಬ್ಬರ ಮುಖವನ್ನೂ ನೋಡುತ್ತ ನಿಂತೆ. ಯಾರ ಬಾಯಿಂದ ‘ಬ್ಯಾಡ, ಅವಳಿಗೇ ಕೊಡು’ ಎಂದು ಬರುತ್ತದೋ ಅವಳೇ ತಾಯಿ.

ಇಬ್ಬರೂ ಒಟ್ಟಿಗೇ ಬಾಯಿಬಿಟ್ಟರು.

‘ಬ್ಯಾಡಕ್ಕಾ, ಅತ್ತಿಗೆ ಹತ್ರನೇ ಇರ್ಲಿ’ ಎಂದಳು ತಂಗಿ. ‘ಬ್ಯಾಡ, ಅವಳೇ ಕರ್ಕಂಡೋಗ್ಲಿ’ ಎಂದಳು ಅತ್ತಿಗೆ.

ಹೀಗಾದರೆ ಏನು ಮಾಡಬೇಕೆಂದು ರಾಜನ ಕತೆಯಲ್ಲಿ ಇರಲಿಲ್ಲ. ಅಲ್ಲಿ ಒಬ್ಬಳು ಸುಳ್ಳು ಹೇಳುತ್ತಿದ್ದಳು. ಇಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ. ಆ ಕ್ಷಣವೇ ‘ಅಯ್ಯೋ, ಸುಮ್ನೆ ಅಂದೆ ಕಣ್ರೇ’ ಎಂದಿದ್ದರೆ ಎಲ್ಲ ಅಲ್ಲಿಗೆ ನಿಲ್ಲುತ್ತಿತ್ತು. ಅನ್ನಲಿಲ್ಲ. ಅಷ್ಟು ಜನರ ಮುಂದೆ ಬುದ್ಧಿವಂತೆ ಪೆಚ್ಚಾಗುವುದು ಹೇಗೆ? ಬಾಯಿ ಮುಚ್ಚಿಕೊಂಡು ಏನೋ ಯೋಚಿಸುವವಳಂತೆ ನಿಂತೆ.

ತಂಗಿಯ ಗಂಡ ಬೀಡಿ ಹೊಸಕಿ ಎದ್ದ. ಕೆಟ್ಟವನಲ್ಲ ಅವನು. ಮೂರು ವರ್ಷ ಮನೆಯಲ್ಲಿ ಹೆಂಡತಿಯೂ ಇಲ್ಲದೆ ಮಗನೂ ಇಲ್ಲದೆ ಕಳೆದವನು. ‘ಇವ್ರೇ ಬಾಯಿಬಿಟ್ಟು ಕರ್ಕಂಡೋಗ್ಲಿ ಅಂದ್ರಲ್ಲ. ಇನ್ನೇನು ಮಾತು? ಏಳು, ಹೋಗಾಣ’ ಎಂದು ಹೆಂಡತಿಗೆ ಹೇಳಿದ. ತಂಗಿ ಬಿಟ್ಟುಕೊಟ್ಟ ಮಾತನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಅತ್ತಿಗೆ ಬಿಟ್ಟುಕೊಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹುಡುಗ ಕಿರುಚಿ ಕಂಬ ತಬ್ಬಿಕೊಂಡ. ಯಾರು ಎಳೆದರೂ ಬಿಡಲಿಲ್ಲ. ಕೊನೆಗೆ ಅತ್ತಿಗೆಯೇ ಬಂದು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿ ತಂಗಿಯ ಸೊಂಟಕ್ಕೆ ಕೂರಿಸಿದಳು. ಆಮೇಲೆ ಮನೆಯ ಹಿಂದಿನ ರೊಪ್ಪಕ್ಕೆ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ, ಹೋದಳು. ದಾರಿಯ ತಿರುವಿನವರೆಗೂ ಹುಡುಗನ ಕೂಗು ಕೇಳುತ್ತಿತ್ತು. ನಾನು ಅಲ್ಲೇ ನಿಂತಿದ್ದೆ.

ಅವ್ವ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ‘ಅದ್ಯಾವ ಸೀಮೆ ಬುದ್ಧೀನೇ ಇದು? ಯಾರು ಕಲಿಸಿದ್ರು ನಿಂಗೆ?’ ಅಂದಳು.

ನಾನು ರೇಗಿಕೊಂಡೇ ರಾಜನ ಕತೆ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಅವ್ವ ಗದ್ದಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು. ಕತೆ ಮುಗಿದ ಮೇಲೂ ಮುಂದೇನು ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

‘ಅಷ್ಟೇ ಕಣವ್ವಾ. ಮುಗೀತು.’

‘ಮುಗೀತಾ? ಆ ಇನ್ನೊಬ್ಬಾಕೆ ಏನಾದಳು?’

‘ಯಾವ ಇನ್ನೊಬ್ಬಾಕೆ? ಆ ಸುಳ್ಳುಬುರುಕೀನಾ?’

‘ಸುಳ್ಳುಬುರುಕೀನೇ ಅನ್ನು. ಅವಳ ಕೂಸು ಸತ್ತಿತ್ತಲ್ಲೇ ಅವತ್ತು. ಎದೆಯಾಗೆ ಹಾಲು ಇತ್ತು. ಮನೀಗೆ ಹೋಗಿ ಏನು ಮಾಡಿದಳು? ರಾಜ ಅವಳನ್ನ ಏನಾದ್ರೂ ಕೇಳಿದ್ನಾ?’

‘ಕತೆಯಾಗೆ ಅದಿಲ್ಲ.’

‘ನಿಮ್ಮ ನರ್ಸಮ್ಮನ್ನ ಕೇಳು’ ಎಂದು ಅವ್ವ ಮತ್ತೆ ಮೊರ ಎಳೆದುಕೊಂಡಳು.

ಅತ್ತಿಗೆಯನ್ನು ನೋಡಲು ರೊಪ್ಪದ ಬೇಲಿಯವರೆಗೂ ಹೋದೆ. ಅವಳು ಹಿಕ್ಕೆ ಗುಡಿಸುತ್ತಿದ್ದಳು. ಕುಪ್ಪಸದ ಮುಂಭಾಗ ಎರಡೂ ಕಡೆ ಒದ್ದೆಯಾಗಿತ್ತು. ನನ್ನನ್ನು ಕಂಡು ಸೆರಗು ಎಳೆದುಕೊಂಡು, ‘ಉಂಡ್ಯಾ?’ ಎಂದು ಕೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ‘ಉಂಡ್ಯಾ’ ತಡೆಯಲಾಗಲಿಲ್ಲ. ಅವತ್ತೇ ಬಸ್ಸು ಹತ್ತಿದೆ.

ಶ್ರೀರಾಂಪುರಕ್ಕೆ ಬಂದವಳು ಸಿಟ್ಟನ್ನೆಲ್ಲ ನರ್ಸಮ್ಮನ ಮೇಲೆ ತೀರಿಸಿದೆ. ನಿಮ್ಮ ರಾಜನೂ ಸಾಕು, ಅವನ ಜ್ಞಾನವೂ ಸಾಕು, ನಮ್ಮ ಮನೆ ಹಾಳಾಯಿತು ಎಂದು ಕೂಗಾಡಿದೆ. ಅವರು ಹಾಸಿಗೆಯ ಮೇಲೆ ಕೂತು ಎಲ್ಲವನ್ನೂ ಕೇಳಿದರು, ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ನಾನು ಸುಸ್ತಾಗಿ ನಿಲ್ಲಿಸಿದ ಮೇಲೆ, ‘ನಾನು ರಾಜ ಏನು ಬೇಡಿದ ಅಂತ ಮೊದಲೇ ಹೇಳಿದ್ನಲ್ಲ. ನೀವು ಅದನ್ನ ಬಿಟ್ಟು ಕತ್ತಿ ಒಂದನ್ನೇ ನೆನಪಿಟ್ಕಂಡು ಹೋದ್ರಿ’ ಅಂದರು. ಉತ್ತರ ಹೊಳೆಯದಿದ್ದಾಗ ನಾನು ಪ್ರಶ್ನೆ ಎಸೆಯುವವಳು. ಅವ್ವನ ಪ್ರಶ್ನೆಯನ್ನೇ ಎಸೆದೆ.

ನರ್ಸಮ್ಮ ಪುಸ್ತಕ ತೆಗೆದರು. ಆ ಪುಟ ಹುಡುಕಿ ಓದಿದರು, ಮುಂದಿನ ಪುಟ ಓದಿದರು, ಅದರ ಮುಂದಿನದನ್ನೂ ಓದಿದರು. ರಾಜನ ಅಧಿಕಾರಿಗಳ ಪಟ್ಟಿ ಬಂತು, ಅವನ ಊಟದ ಲೆಕ್ಕ ಬಂತು, ಕುದುರೆ ಲಾಯ ಬಂತು. ಆ ಹೆಂಗಸು ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

‘ಇಲ್ಲ. ಎಷ್ಟು ಸಲ ಓದಿದೀನಿ ಇದನ್ನ! ನನಗೆ ಯಾವತ್ತೂ ಈ ಪ್ರಶ್ನೆ ಬರ್ಲೇ ಇಲ್ಲ ನೋಡ್ರಿ. ಅದೂ ದಿನಾ ಬಾಣಂತೇರ ಮಧ್ಯೆ ಇರೋಳು ನಾನು.’ ಪುಸ್ತಕ ಮುಚ್ಚಿ, ‘ನಿಮ್ಮ ಅತ್ತಿಗೆದು ಕೂಸು ಹೋಯ್ತಲ್ಲ, ಅದು ಗಂಡೋ ಹೆಣ್ಣೋ?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ತರಬೇತಿಗೆ ಬಂದ ಕಾಗದದಲ್ಲಿ ‘ಕೂಸು ದಕ್ಕಲಿಲ್ಲ’ ಎಂದಷ್ಟೇ ಇತ್ತು. ಮೂರು ವರ್ಷದಲ್ಲಿ ನಾನೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಊರೂರು ಸುತ್ತಿ ತಾಯಿ ಮಕ್ಕಳ ಆರೈಕೆಯ ಪಾಠ ಹೇಳುವವಳು ನಾನು!

ಒಂದು ವಾರ ಬಿಟ್ಟು ಬಂದ ಭಾನುವಾರ ನರ್ಸಮ್ಮ ರಜೆ ಹಾಕಿ ನನ್ನ ಜೊತೆ ಹೊರಟರು. ಮೊದಲೇ ಕಾರ್ಡು ಹಾಕಿದ್ದೆ. ಅದನ್ನು ಓದಿಸಿಕೊಂಡ ಅವ್ವ, ನರ್ಸಮ್ಮ ಬರುತ್ತಾರೆ, ಹುಡುಗನನ್ನೂ ಕರೆತಂದು ತೋರಿಸಿಕೊಂಡು ಹೋಗು ಎಂದು ತಂಗಿಗೆ ಹೇಳಿಕಳಿಸಿದ್ದಳು. ನಮಗೆ ಅದು ಗೊತ್ತಿರಲಿಲ್ಲ.

ಅತ್ತಿಗೆ ರೊಪ್ಪದಲ್ಲೇ ಇದ್ದಳು. ನರ್ಸಮ್ಮ ‘ಕುಂತ್ಕಳ್ರಿ’ ಅನ್ನಿಸಿಕೊಳ್ಳುವ ಮೊದಲೇ ಹಿಕ್ಕೆಯ ನೆಲದ ಮೇಲೆ ಅವಳ ಪಕ್ಕ ಕೂತರು. ಎದೆ ಮುಟ್ಟಿ ನೋಡಿ, ಗಂಟು ಕಟ್ಟಿದೆ, ಬಿಸಿನೀರಿನ ಬಟ್ಟೆ ಇಡಬೇಕು ಅಂದರು. ಆಮೇಲೆ, ಇದೂ ಅದೇ ತರಹದ ಮಾತು ಎಂಬಂತೆ, ‘ಮೊದಲನೇದು ಏನಾಗಿತ್ತಮ್ಮ?’ ಎಂದು ಕೇಳಿದರು.

ಅತ್ತಿಗೆ ಅವರ ಮುಖ ನೋಡಿದಳು. ಎಲ್ಲಿ ಸಿಡಿದೇಳುತ್ತಾಳೋ ಎಂದು ನನಗೆ ಹೆದರಿಕೆಯಾಯಿತು.

‘ಹೆಣ್ಣು ಕೂಸು ನರ್ಸಮ್ಮಾ’ ಅಂದಳು. ‘ಒಂಬತ್ತು ದಿನ ಇತ್ತು. ಕಿವಿಯ ಹಿಂದೆ ಒಂದು ಮಚ್ಚೆ. ತಲೆತುಂಬ ಕೂದಲು, ಅಷ್ಟು ಕೂದಲು ನಮ್ಮ ಕಡೆ ಯಾರಿಗೂ ಇಲ್ಲ.’ ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಆ ಕೂಸು ಹೇಗೆ ಸೀನುತ್ತಿತ್ತು, ಯಾವ ಕೈಯನ್ನು ಮುಷ್ಟಿ ಮಾಡುತ್ತಿತ್ತು, ಯಾವ ಹೊತ್ತಿಗೆ ತಣ್ಣಗಾಯಿತು. ಮೂರು ವರ್ಷ ಈ ಮನೆಯಲ್ಲಿ ಬಾಯಿಗೇ ಬರದಿದ್ದ ಮಾತುಗಳು. ನರ್ಸಮ್ಮ ‘ಹೂಂ’ ಎಂದಷ್ಟೇ ಅನ್ನುತ್ತಿದ್ದರು. ಕೊನೆಗೆ ಅತ್ತಿಗೆ ನನ್ನ ಕಡೆ ತಿರುಗಿ, ‘ಅತ್ತೆ ಆ ಬಟ್ಟೆ ಸುತ್ತಿ ಇವನನ್ನ ತಂದು ಮಲಗಿಸಿದ್ರು. ಕುರಿಗಾದ್ರೆ ಗೊತ್ತಾಗಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಎತ್ಕಂಡೆ’ ಅಂದಳು.

ನಾನು ಬೇಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ನಾಚಿಕೆಗೆ ಅತ್ತೆನೋ, ದುಃಖಕ್ಕೆ ಅತ್ತೆನೋ, ಎರಡೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ತಂಗಿ ಹುಡುಗನನ್ನು ಎತ್ತಿಕೊಂಡು ಒಬ್ಬಳೇ ಬಂದಳು. ಹುಡುಗನ ದನಿ ಬಿದ್ದುಹೋಗಿತ್ತು. ಕಣ್ಣು ಗುಳಿಬಿದ್ದಿತ್ತು. ಅಂಗಳದಲ್ಲಿ ಇಳಿಸಿದ ಕೂಡಲೇ ಓಡಿಹೋಗಿ ಜಗುಲಿಯ ಮೇಲೆ ಕೂತಿದ್ದ ಅತ್ತಿಗೆಯ ಮಡಿಲಲ್ಲಿ ಬಿದ್ದು ಎದೆಗೆ ಬಾಯಿ ಹಾಕಿದ. ಐದೇ ನಿಮಿಷ, ಹಾಗೇ ನಿದ್ದೆ ಹೋದ. ತಂಗಿ ಜಗುಲಿ ಹತ್ತದೆ ನಿಂತೇ ಹೇಳಿದಳು:

‘ಅತ್ತಿಗೆ, ಇವನನ್ನ ನೀನೇ ಇಟ್ಕೊ. ಹನ್ನೊಂದು ದಿನ ಆಯ್ತು, ಕಣ್ಣು ಮುಚ್ಚಿಲ್ಲ. ಮಲಗಿಸ್ಕಳ್ಳೋಕೆ ಹೋದ್ರೆ, ಆಸ್ಪತ್ರೆ ವಾಸ್ನೆ ಅಂತ ಮುಖ ತಿರುಗಿಸ್ತಾನೆ. ದಿನಾ ಸೀಗೆಕಾಯಿ ಹಾಕ್ಕಂಡು ಉಜ್ಕಂಡೆ. ಇನ್ನೂ ಹೋಗಿಲ್ಲ ಅಂತಾನೆ. ನಮ್ಮನೆಯೋರಿಗೆ ನಾನು ಹೇಳ್ಕಂತೀನಿ.’

ಈ ಸಲ ಯಾರೂ ಕತ್ತಿ ತೋರಿಸಿರಲಿಲ್ಲ. ಅವಳು ನಿಜವಾಗಿಯೂ ಕೊಟ್ಟುಬಿಟ್ಟಿದ್ದಳು. ಅತ್ತಿಗೆ ಸರಿ ಅಂದಿದ್ದರೆ ಮುಗಿದಿತ್ತು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ನರ್ಸಮ್ಮ ನನ್ನ ಮುಂಗೈ ಹಿಡಿದುಕೊಂಡರು. ಹುಟ್ಟಿದಂದಿನಿಂದ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕಾದೆ.

ಅತ್ತಿಗೆ ಹುಡುಗನ ಬೆನ್ನು ಸವರುತ್ತ ಕೇಳಿದಳು: ‘ದೊಡ್ಡಾಸ್ಪತ್ರೆಯಾಗೆ ಇದ್ದಾಗ ನಿಂಗೆ ಇವನ ನೆನಪು ಬರ್ತಿತ್ತಾ?’

‘ಮಂಚದ ಪಕ್ಕದ ಗೋಡೆಗೆ ಇದ್ದಲಿನಾಗೆ ಗೀಟು ಎಳೀತಿದ್ದೆ ಅತ್ತಿಗೆ. ತಿಂಗಳಿಗೊಂದು. ಈಗ ಇಷ್ಟುದ್ದ ಆಗಿರ್ತಾನೆ, ಈಗ ಇಷ್ಟುದ್ದ ಅಂತ. ನರ್ಸುಗಳು ಬೈದು ಅಳಿಸೋರು. ಮತ್ತೆ ಎಳೀತಿದ್ದೆ.’ ತಂಗಿ ಮೂಗು ಒರೆಸಿಕೊಂಡಳು. ‘ಬಂದು ನೋಡಿದ್ರೆ ನನ್ನ ಗೀಟಿಗಿಂತ ಎತ್ತರ ಬೆಳೆದಿದ್ದ. ನೀನು ಚೆನ್ನಾಗಿ ಸಾಕಿದ್ದೆ.’

ಅತ್ತಿಗೆ ಹುಡುಗನನ್ನು ಮೆಲ್ಲಗೆ ಕಂಬಳಿಯ ಮೇಲೆ ಮಲಗಿಸಿ, ಎದ್ದು ಒಳಗೆ ಹೋದಳು. ಬಂದಾಗ ಬೇರೆ ಸೀರೆ ಉಟ್ಟಿದ್ದಳು. ಅಷ್ಟು ಹೊತ್ತು ಮೈಮೇಲಿದ್ದ ಕಂದು ಸೀರೆ ಕೈಯಲ್ಲಿತ್ತು, ಬೆವರಿನದು, ಹಾಲಿನದು, ಕುರಿಯದು. ಅದನ್ನು ತಂಗಿಯ ಕೈಗೆ ಕೊಟ್ಟಳು.

‘ಇದನ್ನ ಉಟ್ಕಂಡು ಅವನ ಪಕ್ಕ ಮಲಗು. ತೊಳೀಬ್ಯಾಡ.’

ಅವ್ವ ತಲೆ ಎತ್ತಿ ಅತ್ತಿಗೆಯನ್ನು ನೋಡಿದಳು. ತಾನು ಒಂದು ದಿನ ಮಾಡಿದ್ದನ್ನು ಈಗ ಸೊಸೆ ತನ್ನ ಮೈಮೇಲಿನದನ್ನೇ ಬಿಚ್ಚಿ ಮಾಡುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು. ನನಗೂ ಆಯಿತು. ನರ್ಸಮ್ಮನಿಗೆ ಅವ್ವ ಕುರಿಮರಿಯ ಚರ್ಮದ ರೂಢಿಯನ್ನು ಬಿಡಿಸಿ ಹೇಳಿದ ಮೇಲೆ, ಅವರು ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ಒಬ್ಬರೇ ಸ್ವಲ್ಪ ಹೊತ್ತು ನಿಂತಿದ್ದರು.

ತಂಗಿ ಹದಿನೈದು ದಿನ ನಮ್ಮ ಮನೆಯಲ್ಲೇ ಉಳಿದಳು. ಆ ಸೀರೆಯಲ್ಲೇ ಮಲಗಿದಳು, ಆ ಸೀರೆಯಲ್ಲೇ ಹುಡುಗನಿಗೆ ಉಣ್ಣಿಸಿದಳು. ಮೊದಲು ಹುಡುಗ ಇಬ್ಬರ ನಡುವೆ ಮಲಗುತ್ತಿದ್ದ. ಆಮೇಲೆ ಅತ್ತಿಗೆ ತನ್ನ ಚಾಪೆಯನ್ನು ತಂಗಿಯ ಆಚೆಗೆ ಹಾಕಿದಳು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಪಡಸಾಲೆಗೆ. ಬೆನ್ನು ಕೆರೆದರೆ ಮಲಗುತ್ತಾನೆ, ರೊಟ್ಟಿಯ ಅಂಚು ಕಿತ್ತು ಕೊಡಬೇಕು, ಗುಡುಗಿದರೆ ಕಿವಿ ಮುಚ್ಚಬೇಕು, ಇಂಥವನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟಳು. ಹದಿನಾರನೆಯ ದಿನ ಹುಡುಗ ಆ ಸೀರೆಯ ಸೆರಗು ಹಿಡಿದುಕೊಂಡು, ಅಳದೆ, ತಂಗಿಯ ಸೊಂಟದ ಮೇಲೆ ಕೂತು ಹೋದ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದಲ್ಲ. ಬಾಯಿ ಮುಚ್ಚಿಕೊಂಡು ಕೇಳಿದ್ದಕ್ಕೆ ಅವ್ವ ಹೇಳಿದ್ದು.

ಜ್ಞಾನ ಅಂದರೇನು ಎಂದು ನಾನು ಆಮೇಲೆ ನರ್ಸಮ್ಮನನ್ನು ಕೇಳಲಿಲ್ಲ. ಅವರು ಮಾತ್ರ ಆ ರಾಜನ ಕತೆಯ ಪುಟದಲ್ಲಿ ಒಂದು ಕಂದು ದಾರ ಇಟ್ಟುಕೊಂಡಿದ್ದರು. ಯಾಕೆಂದು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಕೆದಕದೆ ಇರುವುದು ನನಗೆ ಎಷ್ಟು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು, ಹಾಗಾಗಿ ನಕ್ಕರು.

ಐದಾರು ತಿಂಗಳ ಮೇಲೆ ನಾನು ಊರಿಗೆ ಹೋಗಿದ್ದಾಗ, ಹೊಳಲ್ಕೆರೆ ಕಡೆಯಿಂದ ಬಂದ ನೆಂಟರೊಬ್ಬರು ಒಂದು ಗಂಟು ತಂದುಕೊಟ್ಟರು. ತಂಗಿ ಕಳಿಸಿದ್ದು. ಅತ್ತಿಗೆ ಬಿಚ್ಚಿದಳು. ಆ ಕಂದು ಸೀರೆ, ಒಗೆದು, ಗಂಜಿ ಹಾಕಿ, ಮಡಿಸಿದ್ದು. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡು ಮೂಸಿದಳು. ಬಟ್ಟೆ ಸೋಪಿನ ವಾಸನೆ ಬಿಟ್ಟರೆ ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.

‘ತೊಳ್ದವಳೆ’ ಅಂದಳು. ಸೀರೆಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ‘ಹಂಗಾದ್ರೆ ಈಗ ಮಲಗ್ತವನೆ ಬಿಡು.’